ದೊಡ್ಡ ಅಕ್ವೇರಿಯಂಗೆ ಹೋಗೋದಾ, ಚಿಕ್ಕದಕ್ಕಾ?

ಮನೆಮಂದಿಯೆಲ್ಲ ಹೊರಡುವ ಮುಂಚೆ ಮಕ್ಕಳ ವಯಸ್ಸು ನೋಡಿ. ಆಯ್ಕೆ ಅರ್ಧ ಅಲ್ಲೇ ಮುಗಿಯುತ್ತದೆ.

ದೊಡ್ಡ ಅಕ್ವೇರಿಯಂನ ಆಕರ್ಷಣೆ ಸುರಂಗ. ತಲೆಯ ಮೇಲೆಯೇ ಶಾರ್ಕ್, ಸ್ಟಿಂಗ್‌ರೇ ತೇಲಿಹೋಗುತ್ತವೆ. ಬಾಗಿದ ಅಕ್ರಿಲಿಕ್ ಮೂಲಕ ನೋಡುವುದರಿಂದ ಅವು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತವೆ. ಇದನ್ನು ಮಕ್ಕಳಿಗೆ ಹೇಳಿ, ಇನ್ನೊಮ್ಮೆ ತಲೆಯೆತ್ತಿ ನೋಡುತ್ತಾರೆ! ಆದರೆ ನಡಿಗೆ ಜಾಸ್ತಿ, ರಜಾದಿನಗಳಲ್ಲಿ ಗದ್ದಲವೂ ಜಾಸ್ತಿ. ಪುಟ್ಟ ಮಕ್ಕಳು ಕತ್ತಲೆಗೆ ಹೆದರಬಹುದು.

ಚಿಕ್ಕದರಲ್ಲಿ ಆ ಬೆರಗು ಇಲ್ಲ, ನಿಜ. ಆದರೆ ನಿಂತು ನೋಡಲು ಪುರುಸೊತ್ತು ಸಿಗುತ್ತದೆ. ನೇರ ಗಾಜಿನ ಹಿಂದೆ ಮೀನು ಇನ್ನೂ ಹತ್ತಿರ ಬಂದಂತೆ ಕಾಣುತ್ತದೆ. ಕಡಲ್ಗುದುರೆಯಲ್ಲಿ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊರುವುದು ಗಂಡು. ಇಂಥದ್ದನ್ನೆಲ್ಲ ಅವಸರವಿಲ್ಲದೆ ಹೇಳಬಹುದು, ಅಲ್ವಾ?

ಐದು ವರ್ಷದೊಳಗಿನ ಮಕ್ಕಳಿದ್ದರೆ ನನ್ನ ಓಟು ಚಿಕ್ಕದಕ್ಕೇ. ದೊಡ್ಡ ಮಕ್ಕಳಿದ್ದರೆ ಸುರಂಗ ತಪ್ಪಿಸಬೇಡಿ. ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮೀನಿಗೆ ಊಟ ಹಾಕುವ ಸಮಯ ಮೊದಲೇ ಕೇಳಿಟ್ಟುಕೊಳ್ಳಿ. ಎಲ್ಲೇ ಹೋದರೂ ಗಾಜು ತಟ್ಟಬೇಡಿ, ಫ್ಲ್ಯಾಶ್ ಹಾಕಬೇಡಿ. ಮೀನಿಗೆ ಕಿರಿಕಿರಿ, ಫೋಟೋದಲ್ಲೂ ಗಾಜಿನ ಹೊಳಪಷ್ಟೇ ಬರುತ್ತದೆ.