ವೆಸ್ಟನ್ನಿನ ಹಳೆಯ ಮಾನಸಿಕ ಆಸ್ಪತ್ರೆ: ಕ್ಯಾಮೆರಾ ಹಿಡಿದು ಹೋಗುವವರಿಗೆ

ಪಿಟ್ಸ್‌ಬರ್ಗ್‌ನ ನಮ್ಮ ಮನೆಯಿಂದ ದಕ್ಷಿಣಕ್ಕೆ ಸುಮಾರು ಎರಡು ಗಂಟೆಯ ದಾರಿ. ವೆಸ್ಟ್ ವರ್ಜೀನಿಯಾದ ವೆಸ್ಟನ್ ಪುಟ್ಟ ಊರು, ಆದರೆ ಅಲ್ಲಿನ ಆಸ್ಪತ್ರೆಯ ಕಲ್ಲಿನ ಗೋಡೆ ನೋಡುತ್ತಾ ಹೋದಷ್ಟೂ ಮುಗಿಯುವುದಿಲ್ಲ. ಹೆಸರು ಟ್ರಾನ್ಸ್-ಅಲೆಗೆನಿ ಲುನಾಟಿಕ್ ಅಸೈಲಮ್. 1864ರಲ್ಲಿ ಮೊದಲ ರೋಗಿಗಳು ಬಂದರು, 1994ರಲ್ಲಿ ಬಾಗಿಲು ಮುಚ್ಚಿತು. 2007ರಲ್ಲಿ ಹರಾಜಿನಲ್ಲಿ ಖಾಸಗಿಯವರು ಕೊಂಡರು. ಈಗ ಟಿಕೆಟ್ ತಗೊಂಡು ಗೈಡ್ ಜೊತೆ ಒಳಗೆ ಹೋಗಬಹುದು. ರಾತ್ರಿ ದೆವ್ವದ ಟೂರ್ ಕೂಡ ಇದೆ. ನಾನು ಎರಡು ಸಲ ಹೋಗಿದ್ದೇನೆ, ಎರಡೂ ಸಲ ಹಗಲಿನ ಇತಿಹಾಸದ ಟೂರ್‌ಗೆ.

ಫೋಟೋ ತೆಗೆಯುವವರಿಗೆ ಇಲ್ಲಿ ಸಿಗುವುದು ಬೆಳಕು. ಅದು ಸುಮ್ನೆ ಬಂದದ್ದಲ್ಲ. ಬೆಳಕು, ಗಾಳಿ ಇದ್ದರೆ ಮನಸ್ಸು ವಾಸಿಯಾಗುತ್ತದೆ ಎಂದು ನಂಬಿದ್ದ ಡಾಕ್ಟರ್ ಥಾಮಸ್ ಕರ್ಕ್‌ಬ್ರೈಡ್ ಅವರ ಯೋಜನೆಯಂತೆ ಕಟ್ಟಿದ ಕಟ್ಟಡ ಇದು. ಒಂದೊಂದು ವಾರ್ಡನ್ನೂ ಪಕ್ಕದ್ದಕ್ಕಿಂತ ಸ್ವಲ್ಪ ಹಿಂದೆ ಸರಿಸಿ ಕಟ್ಟಿದ್ದಾರೆ, ಯಾರ ಕಿಟಕಿಗೂ ಇನ್ನೊಂದು ಗೋಡೆ ಅಡ್ಡ ಬರಬಾರದು ಅಂತ. ತೆರೆದ ಬಾಗಿಲುಗಳಿಂದ ಉದ್ದದ ಕಾರಿಡಾರಿಗೆ ಬೆಳಕು ಪಟ್ಟಿಪಟ್ಟಿಯಾಗಿ ಬೀಳುತ್ತದೆ. ಗೋಡೆಯ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿರುತ್ತದೆ. ಕಿಟಕಿಯ ಬೆಳಕಿಗೆ ಸರಿಹೊಂದುವಂತೆ ಎಕ್ಸ್‌ಪೋಸ್ ಮಾಡಿ, ನೆರಳು ಕಪ್ಪಾಗಿಯೇ ಇರಲಿ. ಕಂಪ್ಯೂಟರಿನಲ್ಲಿ ನೆರಳನ್ನೆಲ್ಲ ಎತ್ತಿದರೆ ಚಿತ್ರ ಸತ್ತುಹೋಗುತ್ತದೆ.

ಮೊದಲ ಸಲ ನಾನು ಮೇಲಿನ ಮಹಡಿಯಲ್ಲಿ ಲೆನ್ಸ್ ಬದಲಿಸಿದೆ. ಸೆನ್ಸರ್ ಮೇಲೆ ಧೂಳು ಕೂತು ಇಡೀ ದಿನದ ಫೋಟೋಗಳಲ್ಲಿ ಚುಕ್ಕೆ. ಅಗಲ ನೋಟದ ಒಂದೇ ಲೆನ್ಸ್ ಹಾಕಿಕೊಂಡು ಹೋಗಿ, ಅದನ್ನು ತೆಗೆಯಬೇಡಿ.

ಕಾರಿಡಾರಿನ ಎರಡೂ ಬದಿಗೆ ರೋಗಿಗಳ ಸಣ್ಣ ಕೋಣೆಗಳು. ಬಾಗಿಲಲ್ಲಿ ನಿಂತು ತುಂಬ ಅಗಲಕ್ಕೆ ನೋಡುವ 16 ಎಂಎಂ ಲೆನ್ಸಿನಲ್ಲಿ ನೋಡಿದರೂ ಪೂರ್ತಿ ಹಿಡಿಯುವುದಿಲ್ಲ. 250 ಜನರಿಗೆಂದು ಕಟ್ಟಿದ ಈ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ 2,400ಕ್ಕೂ ಜಾಸ್ತಿ ಜನ ಇದ್ದರು. ಗೈಡ್ ಅದನ್ನು ಹೇಳಿದಾಗ ನಾನು ಕ್ಯಾಮೆರಾ ಇಳಿಸಿ ಆ ಕೋಣೆಯ ನೆಲ ನೋಡಿದೆ. ಇಷ್ಟರಲ್ಲಿ ಎಷ್ಟು ಮಂಚ ಹಾಕಿರಬಹುದು? 1952ರಲ್ಲಿ ಡಾಕ್ಟರ್ ವಾಲ್ಟರ್ ಫ್ರೀಮನ್ ಈ ರಾಜ್ಯದ ಆಸ್ಪತ್ರೆಗಳನ್ನು ಸುತ್ತಿ ಎರಡು ವಾರಗಳಲ್ಲಿ 228 ಜನರಿಗೆ ಲೊಬಾಟಮಿ, ಅಂದರೆ ಮೆದುಳಿನ ಮುಂಭಾಗದ ನರಗಳ ಸಂಪರ್ಕ ಕತ್ತರಿಸುವ ಶಸ್ತ್ರಚಿಕಿತ್ಸೆ, ಮಾಡಿದ ಕಥೆಯನ್ನೂ ಆಕೆ ದನಿ ಏರಿಸದೆ, ನಾಟಕ ಮಾಡದೆ ಹೇಳಿದರು. ಬೇರೊಂದು ಹಳೆಯ ಆಸ್ಪತ್ರೆಯ ಟೂರ್‌ನಲ್ಲಿ ಗೈಡ್ ರೋಗಿಗಳ ನಡೆ ಅಣಕಿಸಿ ಜನರನ್ನು ನಗಿಸುತ್ತಿದ್ದ. ನಾನು ಅರ್ಧಕ್ಕೇ ಎದ್ದು ಬಂದಿದ್ದೆ.

ನಾನು ಹುಬ್ಬಳ್ಳಿಯವಳು. ಚಿಕ್ಕವರಿದ್ದಾಗ ಯಾರಾದರೂ ಸ್ವಲ್ಪ ಬೇರೆ ಥರ ಆಡಿದರೆ ‘ಇವನ್ನ ಧಾರವಾಡಕ್ಕ ಕಳಸಬೇಕು’ ಅಂತ ನಗುತ್ತಿದ್ದೆವು. ಅಲ್ಲಿನ ಮಾನಸಿಕ ಆಸ್ಪತ್ರೆಯ ಒಳಗೆ ಯಾರಿದ್ದಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ವೆಸ್ಟನ್ನಿನ ಆ ಕೋಣೆಯಲ್ಲಿ ನಿಂತಾಗ ನೆನಪಾಗಿ ನಾಚಿಕೆಯಾಯಿತು.

ಅದಕ್ಕೇ ಹೇಳುತ್ತೇನೆ, ಬೀಗ ಮುರಿದು ನುಗ್ಗುವ ಪಾಳು ಆಸ್ಪತ್ರೆಗಳ ಫೋಟೋಗಿಂತ ಇದು ಮೇಲು. ಇಲ್ಲಿ ಪ್ರತಿ ಕೋಣೆಗೂ ಅಲ್ಲಿದ್ದವರ ಕಥೆ ಹೇಳುವವರಿದ್ದಾರೆ. ಗಟ್ಟಿ ಶೂ ಹಾಕಿಕೊಳ್ಳಿ, ನೀರು ಇಟ್ಟುಕೊಳ್ಳಿ. ಕೆಳಗೆ ಮ್ಯೂಸಿಯಂನಲ್ಲಿ ರೋಗಿಗಳೇ ಬಿಡಿಸಿದ ಚಿತ್ರಗಳಿವೆ. ಅದಕ್ಕೆ ಅರ್ಧ ಗಂಟೆಯಾದರೂ ಉಳಿಸಿಕೊಳ್ಳಿ. ನಾನು ಅಲ್ಲಿ ಒಂದೂ ಫೋಟೋ ತೆಗೆಯಲಿಲ್ಲ.