ಅಪ್ಪನಿಗೆ ಫ್ಲೂ ಲಸಿಕೆ ಹಾಕಿಸಿದ ಕ್ಲಿನಿಕ್

ಅಪ್ಪನಿಗೆ 71. ಸಕ್ಕರೆ ಕಾಯಿಲೆ ಇದೆ. ಹೋದ ಸೆಪ್ಟೆಂಬರಿನಲ್ಲಿ ಫ್ಲೂ ಬಂದು ಹನ್ನೊಂದು ದಿನ ಮಲಗಿದ್ದರು. ಎದ್ದ ಮೇಲೂ ಎಷ್ಟೋ ದಿನ ಅರ್ಧ ರೊಟ್ಟಿ ಮುಗಿಸುವುದೇ ಕಷ್ಟವಾಗಿತ್ತು. ಅದಕ್ಕೇ ಈ ಸಲ ಮಳೆಗಾಲಕ್ಕೆ ಮುಂಚೆಯೇ ಲಸಿಕೆ ಹಾಕಿಸಲೇಬೇಕು ಅಂತ ಹಟ ಹಿಡಿದೆ.

ಮೊದಲು ಹೋದ ಕಡೆ ಲಸಿಕೆಯ ಡಬ್ಬಿ ತೋರಿಸಿ ಅಂದಿದ್ದಕ್ಕೆ ಸಿಟ್ಟಾದರು. ವಾಪಸ್ ಬಂದೆವು. ಆಮೇಲೆ ಹೋಗಿದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಈ ಸಣ್ಣ ಕ್ಲಿನಿಕ್ಕಿಗೆ. ನಾನು ಬಾಯಿ ಬಿಡುವ ಮುಂಚೆಯೇ ನರ್ಸ್ ಫ್ರಿಜ್ಜಿನಿಂದ ಡಬ್ಬಿ ತೆಗೆದು, "ನೋಡ್ರಿ ಅಕ್ಕಾ, ಈ ವರ್ಷದ್ದೇ ಅದ" ಅಂದರು. ಫ್ಲೂ ವೈರಸ್ ಬದಲಾಗುತ್ತಲೇ ಇರುತ್ತದೆ. ಲಸಿಕೆಯಲ್ಲಿ ಯಾವ ತಳಿಗಳು ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿ, ಸೆಪ್ಟೆಂಬರಿನಲ್ಲಿ ಹೇಳುತ್ತದೆ. ಅದಕ್ಕೇ ಡಬ್ಬಿ ನೋಡಬೇಕು. ಇದನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ನಮ್ಮೂರಿನ ಬಿಸಿಲು ಗೊತ್ತಲ್ವಾ, ಕರೆಂಟ್ ಹೋದರೆ ಏನು ಮಾಡ್ತೀರಿ ಅಂತಲೂ ಕೇಳಿದೆ. ಇನ್ವರ್ಟರ್ ತೋರಿಸಿದರು.

ನನಗೆ ತುಂಬಾ ಹಿಡಿಸಿದ್ದು ಡಾಕ್ಟರ ಮಾತು. "ಇದು ಹಾಕಿಸಿದ್ರ ಫ್ಲೂ ಬರಂಗೇ ಇಲ್ಲೇನ್ರಿ?" ಅಂತ ಅಪ್ಪ ಕೇಳಿದರು. "ಹಂಗ ಹೇಳಾಕ ಬರಂಗಿಲ್ರಿ ಕಾಕಾ" ಅಂದರು. ಲಸಿಕೆಯಲ್ಲಿರುವ ತಳಿ ಆ ವರ್ಷ ಹರಡುವ ತಳಿಗೆ ಸರಿಯಾಗಿ ಹೊಂದಿದರೆ ಡಾಕ್ಟರ ಹತ್ತಿರ ಓಡುವಂಥ ಫ್ಲೂ ಶೇಕಡಾ 40ರಿಂದ 60ರಷ್ಟು ತಗ್ಗುತ್ತದಂತೆ. ವಯಸ್ಸಾದವರಲ್ಲಿ ಇನ್ನೂ ಕಡಿಮೆ ಇರಬಹುದು. ಆದರೂ ಆಸ್ಪತ್ರೆ ಸೇರುವಷ್ಟು ಜೋರಾಗುವ ಭಯ ಕಡಿಮೆ. ಕೆಲಸ ಶುರುವಾಗಲು ಎರಡು ವಾರ ಬೇಕು.

ಅವರ ಮೇಜಿನ ಮೇಲೆ ಒಂದು ರಿಜಿಸ್ಟರ್ ಇತ್ತು. ಜ್ವರ, ಕೆಮ್ಮು ಅಂತ ಬಂದವರನ್ನು ವಾರವಾರ ಬರೆದಿಟ್ಟಿದ್ದಾರೆ. ಲಸಿಕೆ ಹಾಕಿಸಿದ್ದಾರಾ ಅನ್ನುವುದಕ್ಕೆ ಬೇರೆ ಕಾಲಮ್ಮು. ಲಸಿಕೆ ಎಷ್ಟು ಕೆಲಸ ಮಾಡ್ತು ಅಂತ ಇದರಿಂದಲೇ ಗೊತ್ತಾಗುತ್ತಾ ಅಂದೆ. ಇಲ್ಲ ಅಂದರು. ಅದಕ್ಕೆ ಗಂಟಲು, ಮೂಗಿನ ಸ್ವಾಬ್ ಟೆಸ್ಟ್ ಆಗಬೇಕು. ಟೆಸ್ಟಿನಲ್ಲಿ ಫ್ಲೂ ಅಂತ ತಿಳಿದವರಲ್ಲಿ ಎಷ್ಟು ಜನ ಲಸಿಕೆ ಹಾಕಿಸಿದ್ದರು, ಫ್ಲೂ ಅಲ್ಲ ಅಂತ ತಿಳಿದವರಲ್ಲಿ ಎಷ್ಟು ಜನ, ಎರಡನ್ನೂ ಹೋಲಿಸಿ ನೋಡುತ್ತಾರಂತೆ. ಒಂದು ಕ್ಲಿನಿಕ್ಕಿನ ಲೆಕ್ಕ ಸಾಲದು. ಆದರೆ ಯಾವ ವಾರದಿಂದ ಜ್ವರ ಏರುತ್ತಿದೆ ಅಂತ ಅವರಿಗೆ ತಿಳಿಯುತ್ತದೆ. ಇಷ್ಟು ಕಾಳಜಿಯಿಂದ ಬರೆದಿಡುವವರನ್ನು ನಾನು ಇಲ್ಲೇ ನೋಡಿದ್ದು.

ಖರ್ಚು 1,800 ರೂಪಾಯಿ. ನಮ್ಮಂಥವರಿಗೆ ಜಾಸ್ತಿಯೇ. ಹಾಕಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡರು. ರಾತ್ರಿ ತೋಳು ಸ್ವಲ್ಪ ನೋವಿತ್ತು, ಅಷ್ಟೇ.

ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅಪ್ಪ ಎರಡು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದರು. ಮಂಡಿ ನೋವಿನವರನ್ನು ಕರೆದೊಯ್ಯುವುದಾದರೆ ಮುಂಚೆ ಫೋನ್ ಮಾಡಿ. ಕೆಳಗಿನ ಔಷಧಿ ಅಂಗಡಿಯಲ್ಲಿ ಕೂರಿಸಿದರೆ ನರ್ಸೇ ಇಳಿದು ಬಂದು ಹಾಕುತ್ತಾರೆ. ನಮಗಿದು ಹತ್ತಿದ ಮೇಲೆ ಗೊತ್ತಾಯಿತು.