ವೆಬ್‌ಸೈಟ್‌ನ ಕೊನೇ ಕಂತು ಕೊಡುವ ಮೊದಲು ಸೋರ್ಸ್ ತೆಗೆದು ನೋಡಿ

ಅಂಗಡಿಗೋ ಗಾರ್ಮೆಂಟ್ಸ್‌ಗೋ ವೆಬ್‌ಸೈಟ್ ಮಾಡಿಸುತ್ತಿದ್ದೀರಾ? ಪುಟ ಚೆನ್ನಾಗಿ ಕಾಣುತ್ತಿದೆ ಅಂತ ಪೂರ್ತಿ ದುಡ್ಡು ಕೊಟ್ಟುಬಿಡಬೇಡಿ. ಅದರ ಸೋರ್ಸ್, ಅಂದರೆ ಪುಟವನ್ನು ಕಟ್ಟಿರುವ ಕೋಡ್, ಒಮ್ಮೆ ನೋಡಿ. ಬಳ್ಳಾರಿಯಲ್ಲಿ ನಮ್ಮ ಮಾವನವರದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಹೋಲ್‌ಸೇಲ್ ಆರ್ಡರ್‌ಗೆ ಅಂತ ಸೈಟ್ ಮಾಡಿಸಿದ್ದರು. ನೋಡೋಕೆ ಏನೂ ಕೊರತೆ ಇರಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ಬಟ್ಟೆಯ ಜಿಎಸ್‌ಟಿ ಬದಲಾಯಿತು. ಅಲ್ಲಿವರೆಗೆ ಸಾವಿರ ರೂಪಾಯಿ ದಾಟಿದ ಪ್ಯಾಂಟಿಗೆ ಶೇ. 12 ಇತ್ತು. ಈಗ 2,500ರವರೆಗೂ ಶೇ. 5, ಅದರ ಮೇಲೆ ಶೇ. 18. ಒಂದು ಕಡೆ ತಿದ್ದಿದರೆ ಮುಗಿಯಬೇಕಾದ ಕೆಲಸ, ಅಲ್ವಾ? ಸೈಟ್ ಮಾಡಿದವರು ಹೊಸ ರೇಟ್ ಹಾಕಿದ್ದೇವೆ ಅಂದರು. ಆಮೇಲೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರ ಫೋನ್: "ಏನ್ರೀ ಸಾವ್ಕಾರ್ರೇ, ಒಂದೇ ಪ್ಯಾಂಟಿಗೆ ಎರಡು ರೇಟಾ?" ಆಫರ್ ಪುಟದಲ್ಲಿ ಒಂದು, ಪ್ಯಾಂಟಿನ ಪುಟದಲ್ಲಿ ಇನ್ನೊಂದು.

ವೆಬ್ ಕೆಲಸ ನನ್ನ ಹೊಟ್ಟೆಪಾಡು, ಹಾಗಾಗಿ ಮಾವ ನನ್ನನ್ನು ಕರೆದರು. ಸೋರ್ಸ್ ತೆಗೆದರೆ ತಲೆ ತಿರುಗಿತು. ಬಣ್ಣ, ಅಳತೆ ಎಲ್ಲ ಒಂದೇ ಕಡೆ ಬರೆದಿಡುವ ಸಿಎಸ್‌ಎಸ್ ಫೈಲ್ ಹೆಸರಿಗೊಂದು ಇತ್ತು, ಅಷ್ಟೇ. ತೆರಿಗೆ ಲೆಕ್ಕವನ್ನು ಪ್ರತಿ ಪುಟದ ಆರ್ಡರ್ ಬಟನ್‌ನ ಆನ್‌ಕ್ಲಿಕ್ (ಬಟನ್ ಒತ್ತಿದಾಗ ಓಡುವ ಕೋಡ್) ಒಳಗೇ ತುರುಕಿದ್ದರು. ಹೀಗೆ ಬೇರೆ ಫೈಲಿಲ್ಲದೆ ಪುಟದೊಳಗೇ ಬರೆಯೋದಕ್ಕೆ ಇನ್‌ಲೈನ್ ಅಂತಾರೆ. ಒಂದರಲ್ಲಿ 0.12, ಇನ್ನೊಂದರಲ್ಲಿ 12/100, ಮತ್ತೊಂದರಲ್ಲಿ ನೇರ 1.12ರಿಂದ ಗುಣಾಕಾರ. ಅವರು 0.12 ಇದ್ದ ಪುಟಗಳನ್ನಷ್ಟೇ ಬದಲಿಸಿ ಕೈತೊಳೆದುಕೊಂಡಿದ್ದರು. ಬರೀ 12 ಅಂತ ಹುಡುಕಿ ಬದಲಿಸಿದರೆ ಡಜನ್ ಲೆಕ್ಕವೂ ಕೆಡುತ್ತದೆ. ಪುಟ ಪುಟ ತೆಗೆದು ಕೈಯಿಂದಲೇ ತಿದ್ದಬೇಕಾಯಿತು.

ಬಣ್ಣದ್ದೂ ಅದೇ ಕಥೆ. ಟ್ಯಾಗ್ (ಪುಟದ ಒಂದೊಂದು ಭಾಗವನ್ನು ಗುರುತಿಸುವ ಕೋಡ್) ಒಳಗೆ ಬರೆದ ಸ್ಟೈಲ್‌ದೇ ಮೇಲುಗೈ. ಸಿಎಸ್‌ಎಸ್ ಫೈಲಲ್ಲಿ ಏನು ಬರೆದರೂ ಬಗ್ಗಲ್ಲ, 'ಇಂಪಾರ್ಟೆಂಟ್' ಅನ್ನುವ ಗುರುತು ಹಚ್ಚಿದರೆ ಮಾತ್ರ.

ಇನ್ನೊಂದು ತಲೆನೋವು ಸೆಕ್ಯುರಿಟಿಯದು. ಕಳ್ಳ ಸ್ಕ್ರಿಪ್ಟ್ (ಪುಟದಲ್ಲಿ ಓಡುವ ಕೋಡ್) ತಡೆಯೋಕೆ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಹಾಕಿದೆವು, ಅಂದರೆ ಯಾವ ಸ್ಕ್ರಿಪ್ಟ್ ಓಡಬಹುದು ಅಂತ ಬ್ರೌಸರಿಗೆ ಹೇಳುವ ನಿಯಮ. ಆರ್ಡರ್ ಬಟನ್‌ಗಳೆಲ್ಲ ಗಪ್‌ಚುಪ್. ಆ ಪಾಲಿಸಿ ಇನ್‌ಲೈನ್ ಸ್ಕ್ರಿಪ್ಟನ್ನು ಓಡಲು ಬಿಡಲ್ಲ. ಎರರ್ ಕಾಣೋದು ಬ್ರೌಸರಿನೊಳಗೆ ನಮ್ಮಂಥವರು ತೆಗೆದು ನೋಡುವ ಕನ್ಸೋಲಲ್ಲಿ ಮಾತ್ರ, ಗಿರಾಕಿ ಸುಮ್ನೆ ಬಟನ್ ಒತ್ತುತ್ತಾ ಕೂತಿರ್ತಾನೆ. 'ಅನ್‌ಸೇಫ್ ಇನ್‌ಲೈನ್' ಅಂತ ಸಡಿಲ ಬಿಟ್ಟರೆ ಬಟನ್ ಓಡುತ್ತವೆ. ಹೊರಗಿನವರು ನುಗ್ಗಿಸಿದ ಸ್ಕ್ರಿಪ್ಟೂ ಓಡುತ್ತದೆ. ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಚಿಲಕಕ್ಕೇ ನೇತುಹಾಕಿದ ಹಾಗೆ.

ಇನ್‌ಲೈನ್ ಅಂದರೆ ಎಲ್ಲ ಕಡೆಯೂ ತಪ್ಪು ಅಂತಲ್ಲ. ಇಮೇಲಲ್ಲಿ ಕಳಿಸುವ ಬಿಲ್‌ಗೆ ಇನ್‌ಲೈನ್ ಸ್ಟೈಲೇ ಬೇಕು, ಕೆಲವು ಮೇಲ್ ಆ್ಯಪ್‌ಗಳು ಹೊರಗಿನ ಫೈಲನ್ನು ತಗೊಳ್ಳೋದೇ ಇಲ್ಲ. ಕೋಡನ್ನು ಬೇರೆ ಫೈಲಲ್ಲಿ ಇಟ್ಟರೂ ಒಂದು ಕಾಟ ಇದೆ: ಬ್ರೌಸರ್ ಹಳೇ ಪ್ರತಿಯನ್ನೇ ಇಟ್ಟುಕೊಂಡಿರುತ್ತದೆ. ತಿದ್ದಿದಾಗ ಫೈಲ್ ಹೆಸರಿಗೆ ಹೊಸ ವರ್ಷನ್ ನಂಬರ್ ಸೇರಿಸಬೇಕು. ಹಾಗೆ ಇಟ್ಟುಕೊಳ್ಳುವುದರಿಂದಲೇ ಮುಂದಿನ ಪುಟಗಳು ಬೇಗ ತೆರೆಯೋದು, ಅದು ಬೇರೆ ಮಾತು.

ಕಂಪ್ಯೂಟರಲ್ಲಿ ನಿಮ್ಮ ಸೈಟ್ ತೆಗೆದು ಕಂಟ್ರೋಲ್ ಜೊತೆ ಯು ಒತ್ತಿ, ಸೋರ್ಸ್ ಬರುತ್ತದೆ. ಸಾಲು ಸಾಲಿಗೂ ಸ್ಟೈಲ್, ಆನ್‌ಕ್ಲಿಕ್ ಕಂಡರೆ ಮಾಡಿದವರನ್ನು ಪಕ್ಕ ಕೂರಿಸಿಕೊಂಡು ಕೇಳಿ: ನಾಳೆ ತೆರಿಗೆ ಬದಲಾದರೆ ಎಲ್ಲಿ ತಿದ್ದಬೇಕು, ತೋರಿಸಿ. ಒಂದು ಫೈಲ್ ತೋರಿಸಿದರೆ ಸರಿ. "ಅದೆಲ್ಲ ನಾವು ನೋಡ್ಕೋತೀವಿ ಬಿಡಿ ಸರ್" ಅಂದರೆ ಕೊನೇ ಕಂತು ಬಿಡಬೇಡಿ.